ದೂರ ನಿಂತ ಅಂಕಿ

ಗಣಿತ ಕಲಿಸುವ ಅವಳನ್ನು ಶಾಲೆಯ ಮಕ್ಕಳು ಬೆನ್ನ ಹಿಂದೆ ‘ಸರಾಸರಿ ಮಿಸ್’ ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕಥೆ. “ನಮ್ಮ ಸೊಸೆ ಚಹಾಕ್ಕೆ ಸಕ್ಕರೆ ಹಾಕೋದೂ ಸರಾಸರಿ ನೋಡಿಯೇ” ಎಂದು ಅತ್ತೆ ಬಂದವರೆದುರು ನಗುತ್ತಿದ್ದರು.

ಪುಸ್ತಕದಲ್ಲಿ ಅಚ್ಚಾದ ಅಂಕಿಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಯಾವುದೋ ಕಾರ್ಖಾನೆಯ ಬಲ್ಬುಗಳ ಆಯಸ್ಸು ಕಟ್ಟಿಕೊಂಡು ಮಕ್ಕಳಿಗೆ ಆಗಬೇಕಾದ್ದಾದರೂ ಏನು? ಸಂಖ್ಯಾಶಾಸ್ತ್ರದ ಪಾಠ ಬಂತೆಂದರೆ ಮಕ್ಕಳ ಗೇಣು, ಚಪ್ಪಲಿಯ ಅಳತೆ, ಜಡೆಯ ಉದ್ದ ಬೋರ್ಡಿಗೇರುತ್ತಿದ್ದವು. ಅವಳದು ಒಂದೇ ಕಟ್ಟಪ್ಪಣೆ: ಗುಂಪಿನಿಂದ ದೂರ ನಿಂತ ಅಂಕಿಯನ್ನು ವಿಚಾರಿಸದೆ ಅಳಿಸಬಾರದು.

ಆ ದಿನ ಹಿಂದಿನ ಬೆಂಚಿನಲ್ಲಿ ಪಾಠ ನೋಡಲು ಬಂದ ಶಾಲಾ ಇನ್ಸ್‌ಪೆಕ್ಟರು ಕೂತಿದ್ದರು. ವರ್ಷಗಳಿಂದ ತಾತ್ಕಾಲಿಕವಾಗಿದ್ದ ಅವಳ ಕೆಲಸ ಕಾಯಂ ಆಗುವುದು ಅವರ ವರದಿಯ ಮೇಲೆ ನಿಂತಿತ್ತು. “ಸರಾಸರಿ, ಮಧ್ಯಾಂಕ, ಬಹುಲಕ, ಈ ಮೂರೂ ಬೆಲ್ ಹೊಡೆಯೋದ್ರೊಳಗೆ ಮುಗೀಬೇಕು ಮೇಡಂ. ನಿಮ್ಮ ಪ್ರಯೋಗಗಿಯೋಗ ಇವತ್ತು ಬೇಡ” ಎಂದು ಹೆಡ್‌ಮಾಸ್ಟರು ಎಚ್ಚರಿಸಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು. ಒಂದು ನಿಮಿಷ ತಮ್ಮ ತಮ್ಮ ನಾಡಿ ಎಣಿಸಿ ಎಂದು ಅವಳು ಮಕ್ಕಳಿಗೆ ಹೇಳಿಯೇಬಿಟ್ಟಳು.

ಎಪ್ಪತ್ತೆಂಟು, ಎಂಬತ್ತೆರಡು, ಎಪ್ಪತ್ತಾರು. ಬೋರ್ಡು ತುಂಬುತ್ತ ಬಂತು. ಕಿಟಕಿ ಪಕ್ಕದ ಹುಡುಗಿ ಎದ್ದು, “ನೂರೈವತ್ತು, ಮಿಸ್” ಎಂದಳು.

ತರಗತಿ ಗೊಳ್ಳೆಂದಿತು. “ಇವಳದು ರೈಲು, ಮಿಸ್!” ಎಂದನೊಬ್ಬ.

ಮಿಸ್ ಅದನ್ನೂ ಬರೆದಳು. ಆ ಒಂದು ಅಂಕಿ ಸರಾಸರಿಯನ್ನೇ ಕೆಡಿಸುತ್ತದೆ. ವಿಚಾರಿಸುತ್ತ ನಿಂತರೆ ಮಧ್ಯಾಂಕಕ್ಕೆ ಹೊತ್ತು ಸಾಲದು. ಇನ್ಸ್‌ಪೆಕ್ಟರು ಕೈಗಡಿಯಾರ ನೋಡಿಕೊಂಡರು. “ಎಣಿಕೆ ತಪ್ಪಿದೆ, ಕೂತ್ಕೋಮ್ಮ” ಎಂದು ಆ ಅಂಕಿಯ ಮೇಲೆ ಡಸ್ಟರು ಎಳೆದುಬಿಟ್ಟಳು.

ಕೂಡಿಸಿ ಭಾಗಿಸಿದಾಗ ಉತ್ತರ ಚೆಂದವಾಗಿ ಬಂತು. ಇನ್ಸ್‌ಪೆಕ್ಟರು ತಲೆದೂಗಿದರು. ಮಧ್ಯಾಂಕಕ್ಕೆಂದು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆಸುತ್ತ ಅವಳು ತಿರುಗಿ ನೋಡಿದಳು. ಕಿಟಕಿ ಪಕ್ಕದ ಹುಡುಗಿ ಬರೆಯುತ್ತಿರಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು ಮತ್ತೆ ಎಣಿಸುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು.

ಮಿಸ್ ಚಾಕ್ ಕೆಳಗಿಟ್ಟಳು. ಹೋಗಿ ಹುಡುಗಿಯ ಕೈ ಹಿಡಿದಳು. ನಾಡಿ ಎಣಿಕೆಗೇ ಸಿಗದಷ್ಟು ಓಡುತ್ತಿತ್ತು.

“ಇನ್ನೂ ಎರಡು ಬಾಕಿ ಇದೆಯಲ್ಲ ಮೇಡಂ?” ಎಂದರು ಇನ್ಸ್‌ಪೆಕ್ಟರು.

“ಇರ್ಲಿ ಸರ್. ಇವಳನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

ಬಾಗಿಲಲ್ಲಿದ್ದ ಹೆಡ್‌ಮಾಸ್ಟರು ಅಡ್ಡ ಬಂದರು. “ಜವಾನನ ಜೊತೆ ಕಳಿಸೋಣ, ನೀವು ಪಾಠ ಮುಗಿಸಿ. ಇಷ್ಟು ವರ್ಷ ಕಾದಿದ್ದೀರಿ!”

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕೈಗೆ ಬಂದ ತುತ್ತು. ಒಂದು ಗಳಿಗೆ ನಿಂತಳು ಕೂಡ. ಆಮೇಲೆ ಹುಡುಗಿಯ ಸೊಂಟ ಬಳಸಿ ಹಿಡಿದು ಅವರನ್ನು ದಾಟಿ ನಡೆದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಚುಚ್ಚಿ, ಪರದೆಯ ಮೇಲಿನ ಎದೆಬಡಿತದ ಗೆರೆ ಹದಕ್ಕೆ ಬರುವವರೆಗೂ ಕದಲಲಿಲ್ಲ. “ತಡ ಮಾಡಿದ್ರೆ ಕಷ್ಟ ಇತ್ತು” ಎಂದಷ್ಟೇ ಹೇಳಿ ಹೋದರು. ಅಷ್ಟರಲ್ಲಿ ಹೆಡ್‌ಮಾಸ್ಟರ ಫೋನು ಬಂತು: ಪಾಠ ಅಪೂರ್ಣ ಎಂದು ಬರೆದು ಇನ್ಸ್‌ಪೆಕ್ಟರು ಹೊರಟುಹೋಗಿದ್ದರು. ಅವಳು ಹ್ಞೂಂ ಎಂದು ಫೋನಿಟ್ಟು ಮಂಚದ ಅಂಚಿಗೆ ಕೂತಳು. ಹೆದರಿಕೆಯೆಲ್ಲ ಈಗ ಸಿಟ್ಟಾಗಿ ಬಂತು.

“ಎದೆ ಹಾಗೆ ಹೊಡ್ಕೊಳ್ತಿದ್ರೆ ಬಾಯಿಬಿಟ್ಟು ಹೇಳ್ಬಾರ್ದೇನೇ, ಪುಟ್ಟಿ?”

ಹುಡುಗಿ ಕಣ್ಣು ತೆರೆದಳು. ದನಿಯಲ್ಲಿ ದೂರೇನೂ ಇರಲಿಲ್ಲ.

“ಹೇಳಿದ್ನಲ್ಲ ಮಿಸ್. ನೀವೇ ಅಳಿಸಿದ್ರಿ.”