ಮಾರಕ್ಕತ್ತೆಯ ಮೂರು ಕಲ್ಲು

ಓದುವವರು ಮೊದಲು ನನ್ನನ್ನು ಕ್ಷಮಿಸಬೇಕು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಹತ್ತನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟವಳು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ಈ ಸಲದ ದ್ಯಾವರು, ಅಂದರೆ ಕುಲದೇವರ ಹಬ್ಬ, ಮುಗಿದ ಮೇಲೆ ನಮ್ಮ ಕುಲದವರಿಗೆಲ್ಲ ಹಂಚಲು ಮಂಜೇಶಣ್ಣ ಒಂದು ಪುಸ್ತಕ ಮಾಡಿಸುತ್ತಿದ್ದಾನೆ. ಮಂಜೇಶಣ್ಣ ನನ್ನ ದೊಡ್ಡಪ್ಪನ ಮಗ. ಒಂದೊಂದು ಮನೆಯವರೂ ತಮ್ಮ ಹಿರಿಯರೊಬ್ಬರ ಬಗ್ಗೆ ಬರೆದು ಕೊಡಿ ಅಂದಿದ್ದಾನೆ. ನಮ್ಮ ಮನೆಯಲ್ಲಿ ಎಲ್ಲರೂ ತಾತನ ಬಗ್ಗೆ ಬರಿ ಅಂದರು. ನಾನು ಮಾರಕ್ಕತ್ತೆಯ ಬಗ್ಗೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ, ಆದರೆ ತೆಗೆಯಬೇಡಿ.

ಮಾರಕ್ಕತ್ತೆ ನಮ್ಮ ಅಪ್ಪನ ಅಕ್ಕ. ಪಿಳ್ಳಪ್ಪ ದೊಡ್ಡಪ್ಪ ಹಿರಿಯವರು, ನಡುವೆ ಅತ್ತೆ, ಕೊನೆಗೆ ನಮ್ಮ ಅಪ್ಪ ಬೈರೇಶ್. ಅತ್ತೆಯನ್ನು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ ಕಡೆ ಕೊಟ್ಟಿದ್ದರು. ಮಾವ ಇನ್ನೊಂದು ಮದುವೆ ಮಾಡಿಕೊಂಡರು. ಅತ್ತೆ ಒಂದು ಬೆಳಿಗ್ಗೆ ಬಸ್ಸಿಳಿದು, ಯಾರಿಗೂ ಏನೂ ಹೇಳದೆ, ಕೊಟ್ಟಿಗೆಗೆ ಹೋಗಿ ಸಗಣಿ ಬಾಚಲು ಶುರು ಮಾಡಿದರಂತೆ. ಆವತ್ತಿನಿಂದ ನಮ್ಮ ಮನೆಯಲ್ಲೇ ಇದ್ದಾರೆ. ಆಗ ನಾನು ಹುಟ್ಟಿರಲಿಲ್ಲ.

ಹಸುಗಳೆಲ್ಲ ಅತ್ತೆಯವೇ. ಅಂದರೆ ಹೆಸರಿಗೆ ಅಪ್ಪನವು, ಆದರೆ ಅಪ್ಪ ಹತ್ತಿರ ಹೋದರೆ ಒದೆಯುತ್ತವೆ. ಅತ್ತೆ ಡೇರಿಗೆ ಹಾಲು ಹಾಕಲು ಹೊರಟರೆ ಬೀದಿಯವರು ಗಡಿಯಾರ ನೋಡದೆ ಒಲೆ ಹಚ್ಚುತ್ತಾರೆ. ನಾನು ಶಾಲೆ ಬಿಟ್ಟಾಗ ಮನೆಯಲ್ಲಿ ಎಲ್ಲರೂ ಬೈದರು. ಮೇಷ್ಟರು ಎಬ್ಬಿಸಿ ನಿಲ್ಲಿಸಿ ಕೇಳಿದರೆ ಉತ್ತರ ಗೊತ್ತಿದ್ದರೂ ನನಗೆ ಬಾಯಿ ಬರುತ್ತಿರಲಿಲ್ಲ, ಅದಕ್ಕೇ ಬಿಟ್ಟೆ ಎಂದು ಹೇಳಲೂ ಬಾಯಿ ಬರಲಿಲ್ಲ. ಅತ್ತೆ ಮಾತ್ರ ಕೈಗೊಂದು ಬಕೆಟ್ ಕೊಟ್ಟು, "ಬಾ ಕೂಸೇ, ಹಸು ಪ್ರಶ್ನೆ ಕೇಳಲ್ಲ" ಅಂದರು.

ನಮ್ಮ ದ್ಯಾವರ ಪದ್ಧತಿ ನಿಮಗೆಲ್ಲ ಗೊತ್ತು. ಆದರೂ ಹೊಸದಾಗಿ ಮದುವೆಯಾಗಿ ಬಂದವರಿಗಾಗಿ ಬರೆಯುತ್ತೇನೆ. ಕೆಲವು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕುಲದ ಮನೆಗಳೆಲ್ಲ ಸಾಸಲು ಕಡೆಯ ನಮ್ಮ ಮಾವಿನ ತೋಪಿಗೆ ಹೋಗಿ ಬೀಡು ಬಿಡುತ್ತೇವೆ. ಮೂರು ದಿನ ಅಲ್ಲೇ ಊಟ, ಅಲ್ಲೇ ನಿದ್ದೆ. ಹೊಂಗೆ ಸೊಪ್ಪಿನ ಚಪ್ಪರ ಹಾಕುತ್ತೇವೆ, ಮಕ್ಕಳ ಕಿವಿ ಚುಚ್ಚಿಸುತ್ತೇವೆ. ತೋಪಿನ ಸುತ್ತ ಮಾವಿನೆಲೆಯ ತೋರಣ ಕಟ್ಟಿದರೆ ಅದೇ ದೇವರ ಎಲ್ಲೆ. ಪ್ರತಿ ಮನೆಯವರೂ ತಮ್ಮ ಮೂರು ಒಲೆಗಲ್ಲು ತರುತ್ತಾರೆ. ದ್ಯಾವರು ಮುಗಿದ ಮೇಲೆ ಆ ಕಲ್ಲುಗಳನ್ನು ಬಿಸಾಡುವುದಿಲ್ಲ, ತೊಳೆದು ಹಿತ್ತಲಲ್ಲಿ ಎತ್ತಿಡುತ್ತಾರೆ. ಕೊನೆಯ ದಿನ ಎಲ್ಲ ಒಲೆಗಳಿಂದ ಒಂದೊಂದು ಸೌಟು ಅನ್ನ ತಂದು ಒಂದೇ ರಾಶಿ ಮಾಡಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ಅದು ಕೂಡೂಟ. ತೋರಣ ಕಟ್ಟಿದ ಮೇಲೆ ಬಿಚ್ಚುವವರೆಗೆ ಯಜಮಾನರಾದ ಪಿಳ್ಳಪ್ಪ ದೊಡ್ಡಪ್ಪ ಕುಲದ ಒಲೆಯದು ಬಿಟ್ಟು ಬೇರೆ ತುತ್ತು ಮುಟ್ಟುವಂತಿಲ್ಲ. ಹೋಟೆಲಿನ ಟೀ ಕೂಡ ಇಲ್ಲ. ಟೀ ಇಲ್ಲದೆ ಅವರಿಗೆ ತಲೆ ನೋಯುತ್ತದೆ, ಆ ಮೂರು ದಿನ ಎಲ್ಲರೂ ಸ್ವಲ್ಪ ದೂರದಲ್ಲೇ ಇರುತ್ತೇವೆ.

ಕೊಟ್ಟ ಹೆಣ್ಣುಮಕ್ಕಳು ಬೇರೆ ಕುಲದವರು. ಅವರು ನೆಂಟರಾಗಿ ಬರುತ್ತಾರೆ, ಅವರಿಗೆ ಒಲೆ ಇಲ್ಲ. ಕೊನೆಯ ದಿನ ಕೂಡೂಟಕ್ಕೆ ಮುಂಚೆ ಅವರಿಗೆ ಮಡಿಲು ತುಂಬುತ್ತೇವೆ. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಬಟ್ಟೆ. ಮಡಿಲು ತುಂಬಿಸಿಕೊಂಡವರು ಹಿಂದೆ ತಿರುಗಿ ನೋಡದೆ ತೋರಣ ದಾಟಿ ತಮ್ಮ ಮನೆಗೆ ಹೋಗಬೇಕು. ಆ ಅಕ್ಕಿಯನ್ನು ಅಲ್ಲಿ ಬೇಯಿಸಿ, ಮನೆಗೆ ಬಂದವರಿಗೆ ಬಡಿಸಿ ಉಣ್ಣಬೇಕು.

ಮಾರಕ್ಕತ್ತೆಗೂ ಪ್ರತಿ ಸಲ ಮಡಿಲು ತುಂಬುತ್ತಿದ್ದರು. ಹೋದ ಸಲ ನಾನು ಚಿಕ್ಕವಳು. ಮೂರು ದಿನ ನಮ್ಮ ಒಲೆಯ ಮುಂದೆ ಹೊಗೆ ಕುಡಿದ ಅತ್ತೆ, ಕೂಡೂಟಕ್ಕೆ ಎಲೆ ಹಾಕುವ ಹೊತ್ತಿಗೆ ಮಡಿಲಕ್ಕಿ ಹಿಡಿದು ರಸ್ತೆಗೆ ನಡೆದರು. ಬೇರೆ ಹೆಣ್ಣುಮಕ್ಕಳೆಲ್ಲ ಬಸ್ಸು, ಕಾರು ಹತ್ತಿ ಹೋದರು. ಅತ್ತೆ ಮೋರಿ ಕಟ್ಟೆಯ ಮೇಲೆ ಒಬ್ಬರೇ ಕೂತರು. ನಾವು ಉಂಡು, ತೋರಣ ಬಿಚ್ಚಿ, ಟ್ರ್ಯಾಕ್ಟರಿನಲ್ಲಿ ಬರುವಾಗ ಅವರನ್ನು ಹತ್ತಿಸಿಕೊಂಡೆವು. "ಊಟ ಚೆನ್ನಾಗಿತ್ತೇನ್ರೋ?" ಎಂದು ಕೇಳಿದರು. ಅಪ್ಪ ಚೆನ್ನಾಗಿತ್ತು ಅಂದರು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನನಗೆ ಮಾತ್ರ ಆ ಮೋರಿ ಕಟ್ಟೆ ಮರೆತುಹೋಗಲಿಲ್ಲ. ಈ ಸಲವಾದರೂ ಅತ್ತೆ ಕೂಡೂಟಕ್ಕೆ ನಮ್ಮ ಪಕ್ಕದ ಎಲೆಯಲ್ಲಿ ಕೂರಬೇಕು ಎಂದು ಆಸೆ ಇತ್ತು. ದೊಡ್ಡಪ್ಪನ ಹತ್ತಿರ ಹೇಳಬೇಕೆಂದು ಹೊರಡುವ ಹಿಂದಿನ ದಿನ ಅವರ ಮನೆಯ ಬಾಗಿಲವರೆಗೆ ಹೋಗಿ, ಒಂದು ಲೋಟ ಮಜ್ಜಿಗೆ ಕುಡಿದು ವಾಪಸ್ ಬಂದೆ.

ಈ ಸಲ ವೈಶಾಖದಲ್ಲಿ ಹೊರಟೆವು. ಮೊದಲ ದಿನ ಬೆಳಿಗ್ಗೆ ತೋಪಿನ ತುಂಬ ಗಲಾಟೆ. ಮಂಜೇಶಣ್ಣ ಆನ್‌ಲೈನಿನಲ್ಲಿ ತರಿಸಿದ ಕಿತ್ತಳೆ ಬಣ್ಣದ ಗುಡಾರವನ್ನು ಬಿಡಿಸಿದ. ಅದು ಗಾಳಿಗೆ ಉರುಳಿಕೊಂಡು ಪಕ್ಕದ ರಾಗಿ ಹೊಲದ ಕೂಳೆಯಲ್ಲಿ ಹೋಗಿ ನಿಂತಿತು.

"ಲೇ ಮಂಜ, ನಿನ್ ಮನೆ ಓಡೋಯ್ತಾ ಅದೆ ಕಣ್ಲಾ!" ಎಂದು ಅಪ್ಪ ಕೂಗಿದರು.

"ನೀವು ನಗಿ ಚಿಕ್ಕಪ್ಪ, ಮಳೆ ಬರಲಿ, ಆಗ ಒಳಗೆ ಜಾಗ ಕೇಳ್ಕೊಂಡು ಬರ್ತೀರ" ಅಂದ ಅವನು.

ದೊಡ್ಡಪ್ಪ ತೋರಣ ಕಟ್ಟಿಸಿ, ಮೊದಲ ಒಲೆ ಹಚ್ಚಿದರು. ನಮ್ಮ ಕಲ್ಲುಗಳನ್ನು ಅತ್ತೆಯೇ ಹೊತ್ತು ತಂದು ಹೂಡಿದರು. ಮಂಜೇಶಣ್ಣನ ಮಗುವಿಗೆ ಮಾರನೇ ದಿನ ಕಿವಿ ಚುಚ್ಚಬೇಕಿತ್ತು. ಅದಕ್ಕೆ ಹಚ್ಚಲು ಅತ್ತೆ ಹರಳೆಣ್ಣೆಗೆ ಅರಿಶಿನ ಕಲಸಿ ಬಾಟಲಿಯಲ್ಲಿ ತಂದಿದ್ದರು.

ಆಗ ಧನುಶ್ರೀ ಅತ್ತಿಗೆ, ಅಂದರೆ ಮಂಜೇಶಣ್ಣನ ಹೆಂಡತಿ, ತಟ್ಟೆ ಹಿಡಿದು ಬಂದರು. ಅವರದು ಹೊಸಕೋಟೆ ಕಡೆ, ನಮ್ಮ ದ್ಯಾವರಿಗೆ ಬಂದದ್ದು ಇದೇ ಮೊದಲು. ಅತ್ತೆಯನ್ನು ಚಾಪೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೆರಗು ಹಿಡಿಯಿರಿ ಅಂದರು. ಅತ್ತೆ ಏನೋ ಹೂವು ಕೊಡುತ್ತಾರೆ ಅಂದುಕೊಂಡು ಸೆರಗು ಹಿಡಿದರು. ಅತ್ತಿಗೆ ಅಕ್ಕಿ ಸುರಿದೇಬಿಟ್ಟರು. ಮೇಲೆ ಬೆಲ್ಲ, ಕೊಬ್ಬರಿ, ಹಸಿರು ರವಿಕೆ ಬಟ್ಟೆ.

ನಾನು ಪಕ್ಕದಲ್ಲೇ ಸೌದೆ ಜೋಡಿಸುತ್ತಿದ್ದೆ. ನೋಡಿದೆ. ಬಾಯಿ ಬರಲಿಲ್ಲ.

ನರಸಮ್ಮಜ್ಜಿ, ನಮ್ಮ ಕುಲದಲ್ಲೆಲ್ಲ ಹಿರಿಯರು, ದೂರದಿಂದಲೇ ಕೂಗಿದರು. "ಅಯ್ಯೋ ನಿನ್ನ! ಬಂದ ಗಳಿಗೇಲೇ ಕಳಿಸಿಬಿಟ್ಟೆಯಲ್ಲೇ ತಾಯಿ!"

"ನಮ್ ಕಡೆ ಹೆಣ್ಮಕ್ಕಳು ಬಂದ ತಕ್ಷಣ ತುಂಬ್ತೀವಿ ಅಜ್ಜಿ" ಎಂದು ಅತ್ತಿಗೆ ಹೇಳಿದರು. ಎಲ್ಲರ ಮುಖ ನೋಡಿ ಅವರ ದನಿ ಸಣ್ಣಗಾಯಿತು. ಮಡಿಲಕ್ಕಿಯನ್ನು ವಾಪಸ್ ತೆಗೆದುಕೊಳ್ಳೋಣ ಎಂದು ಯಾರೋ ಅಂದರು. ಮಡಿಲಿಗೆ ಬಿದ್ದದ್ದು ತಿರುಗಬಾರದು ಎಂದು ಅಜ್ಜಿ ಗದರಿದರು. ದೊಡ್ಡಪ್ಪ ಹಣೆ ಹಿಡಿದುಕೊಂಡು ನಿಂತಿದ್ದರು.

ಅತ್ತೆಯೇ ಎದ್ದರು. ಅತ್ತಿಗೆಯ ಕಣ್ಣಲ್ಲಿ ನೀರು ನೋಡಿ, "ನೀನ್ಯಾಕವ್ವ ಅಳ್ತೀಯ? ಒಳ್ಳೆ ಬಟ್ಟೆ ಕೊಟ್ಟಿದೀಯ" ಅಂದರು. ಎಣ್ಣೆಯ ಬಾಟಲಿಯನ್ನು ಅವರ ಕೈಗಿಟ್ಟು, "ನಾಳೆ ಮಗೀಗೆ ಹಚ್ಚು. ನಾನು ಬರ್ತೀನಿ" ಅಂದರು.

"ಎಲ್ಲಿಗೆ ಹೋಗ್ತೀಯ ಅಕ್ಕ?" ಎಂದು ಅಪ್ಪ ಕೇಳಿದರು.

"ಮಡಿಲು ತುಂಬವ್ರೆ. ನಮ್ಮನೆಗೆ."

"ಯಾವ ಮನೆಗೆ?"

"ನಿಮ್ಮನೆಗೇ ಕಣೋ! ಬೀಗದ ಕೈ ಕೊಡು."

ಒಂದಿಬ್ಬರು ನಕ್ಕರು. ಅಪ್ಪ ನಗಲಿಲ್ಲ. ಜೇಬಿಗೆ ಕೈ ಹಾಕಿದವರು ಹಾಗೇ ನಿಂತರು. ಬೀಗದ ಕೈ ಹಾಲು ಕರೆಯಲು ಒಪ್ಪಿಕೊಂಡಿದ್ದ ಪಕ್ಕದ ಮನೆಯವರ ಹತ್ತಿರ ಇತ್ತು. ಅತ್ತೆ "ಹೋಗ್ಲಿ ಬಿಡು" ಎಂದು, ಹಿಂದೆ ತಿರುಗದೆ, ತೋರಣದ ಕೆಳಗೆ ತಲೆ ಬಗ್ಗಿಸಿ ಆಚೆ ಹೋಗಿ, ಅದೇ ಮೋರಿ ಕಟ್ಟೆಯ ಮೇಲೆ ಕೂತರು.

ಬಸ್ಸು ಬಂತು. ಅತ್ತೆ ಹತ್ತಲಿಲ್ಲ. ಮತ್ತೊಂದು ಬಂತು. ಅದಕ್ಕೂ ಹತ್ತಲಿಲ್ಲ. ಆಗ ನಾನು ಒಂದು ಸಣ್ಣ ಪಾತ್ರೆ, ಒಂದು ಬಿಂದಿಗೆ ನೀರು ತೆಗೆದುಕೊಂಡು ಹೋದೆ. ಯಾಕೆ ಅವನ್ನೇ ತೆಗೆದುಕೊಂಡೆ ಎಂದು ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಮಾತಾಡಲು ಬಾರದಿದ್ದಾಗ ನಾನು ಏನಾದರೂ ಎತ್ತಿಕೊಂಡು ಹೋಗುತ್ತೇನೆ.

ಅತ್ತೆ ಪಾತ್ರೆಯನ್ನು ನೋಡಿದರು, ಸೆರಗಿನ ಅಕ್ಕಿಯನ್ನು ನೋಡಿದರು. "ಸರಿ ಕೂಸೇ. ಮನೆಗೆ ಬೀಗ ಅದೆ. ಇಲ್ಲೇ ಬೇಯ್ಸಾಣ" ಅಂದರು. ಮೋರಿಯ ಪಕ್ಕದಲ್ಲಿ ಬಿದ್ದಿದ್ದ ಕಲ್ಲುಗಳಲ್ಲಿ ಮೂರನ್ನು ಆರಿಸಿ ಕಟ್ಟೆಯ ಮರೆಯಲ್ಲಿ ಹೂಡಿದರು. ಒಂದು ಕಲ್ಲು ಸ್ವಲ್ಪ ಕುಳ್ಳ, ಅದಕ್ಕೆ ಕೆಳಗೆ ಹೆಂಚಿನ ಚೂರು ಕೊಟ್ಟರು. ಹಸು ಮೇಯಿಸಲು ಬಂದವರೊಬ್ಬರ ಹತ್ತಿರ ಬೆಂಕಿಪೊಟ್ಟಣ ಕೇಳಿದರು. ನಾನು ಒಣಗಿದ ಹೊಂಗೆ ಕಡ್ಡಿ ಆರಿಸಿ ತಂದೆ. ಅಕ್ಕಿ ಬೆಂದ ಮೇಲೆ ಬೆಲ್ಲ ಹಾಕಿ, ಕೊಬ್ಬರಿಯನ್ನು ಹಲ್ಲಲ್ಲಿ ಮುರಿದು ಹಾಕಿದರು. "ಯಾರ್‌ಗೂ ಹೇಳ್ಬೇಡ" ಅಂದರು. ಈಗ ಹೇಳಿಬಿಟ್ಟೆ. ಕ್ಷಮಿಸಿ ಅತ್ತೆ.

ಬೆಲ್ಲದ ವಾಸನೆ ತೋಪಿನವರೆಗೆ ಹೋಗಿರಬೇಕು. ದೊಡ್ಡಪ್ಪ ಟವೆಲ್ ಕೊಡವುತ್ತ ಬಂದರು. ತೋರಣದ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ದಾಟಿದರು.

"ಮಾರಕ್ಕ, ಬಾ. ಅಜ್ಜಿ ಹತ್ರ ಮಾತಾಡ್ತೀನಿ."

"ಮಡಿಲು ತುಂಬಿಸ್ಕೊಂಡು ವಾಪಸ್ ಬರಕ್ಕಾಗಲ್ಲಣ್ಣ. ಪದ್ಧತಿ ನಿಂದೇ. ಮನೆಗೆ ಬಂದಿದೀಯ, ಕೂತ್ಕೋ."

"ಇದು ಮನೆಯೇನೆ?"

"ಒಲೆ ಉರೀತಾ ಇಲ್ವಾ? ಬಂದೋರು ಬರೀ ಬಾಯಲ್ಲಿ ಹೋಗ್ಬಾರ್ದು."

ದೊಡ್ಡಪ್ಪ ಮೋರಿ ಕಟ್ಟೆಯ ಮೇಲೆ ಕೂತರು. ಅತ್ತೆ ಮುತ್ತುಗದ ಎಲೆಯಲ್ಲಿ ಬೆಲ್ಲದನ್ನ ಹಾಕಿ ಕೊಟ್ಟರು. ಅವರು ಎಲೆಯನ್ನು ಕೈಯಲ್ಲಿ ಹಿಡಿದು, ಒಂದು ಸಲ ತೋರಣದ ಕಡೆ ನೋಡಿದರು, ಒಂದು ಸಲ ಆ ಕುಳ್ಳ ಕಲ್ಲಿನ ಕಡೆ ನೋಡಿದರು. ಆಮೇಲೆ ಉಂಡರು. ಎಲೆ ಖಾಲಿಯಾಗುವವರೆಗೂ ಉಂಡರು.

ಅಷ್ಟರಲ್ಲಿ ನರಸಮ್ಮಜ್ಜಿ ಕೋಲೂರಿಕೊಂಡು ತೋರಣದವರೆಗೆ ಬಂದಿದ್ದರು. ಅವರ ಹಿಂದೆ ಅರ್ಧ ತೋಪೇ ಇತ್ತು.

"ಪಿಳ್ಳಪ್ಪ, ಬಾಯಲ್ಲೇನೋ?"

"ಬೆಲ್ಲದನ್ನ ಅಜ್ಜಿ."

"ಯಾವ ಒಲೇದು?"

ದೊಡ್ಡಪ್ಪ ನೀರು ಕುಡಿದರು. ಮಂಜೇಶಣ್ಣನೇ ತಡೆಯಲಾರದೆ ಅಂದ, "ಅಪ್ಪಾ, ತೋರಣ ಬಿಚ್ಚೋವರ್ಗೂ ಕುಲದ ಒಲೆ ಬಿಟ್ಟು ಬೇರೇದು ಮುಟ್ಟಂಗಿಲ್ಲ ಅಂತೀಯ. ನಂಗೆ ಒಂದು ಟೀ ತರಕ್ಕೂ ಬಿಡ್ಲಿಲ್ಲ!"

"ಮುಟ್ಟಂಗಿಲ್ಲ. ಹೌದು" ಅಂದರು ದೊಡ್ಡಪ್ಪ. "ನಾನು ಮುಟ್ಟೂ ಇಲ್ಲ."

ಅಜ್ಜಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದರು. ಯಜಮಾನ ವ್ರತ ಕೆಡಿಸಿದ ಎಂದರೆ ಇಡೀ ದ್ಯಾವರನ್ನೇ ಎತ್ತಿ ಮನೆಗೆ ಹೋಗಬೇಕು. ಕೆಡಿಸಿಲ್ಲ ಎಂದರೆ ಅದು ಕುಲದ ಒಲೆ. ಅಜ್ಜಿ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಹಂಗಾದ್ರೆ ಕುಲದ ಒಲೆ ತೋರಣದಾಚೆ ಯಾಕ್ರೋ ಇದೆ? ಸೋಮಾರಿಗಳಾ, ಹಗ್ಗ ಇಲ್ವಾ?" ಅಂದರು.

ಅಪ್ಪ ಓಡಿದರು. ಅತ್ತೆ ತೋರಣದ ಒಳಗೆ ವಾಪಸ್ ಬರಲಿಲ್ಲ. ಅಪ್ಪ ಮತ್ತು ಮಂಜೇಶಣ್ಣ ತೋರಣದ ಹಗ್ಗಕ್ಕೆ ಹಗ್ಗ ಸೇರಿಸಿ, ಮೋರಿ ಕಟ್ಟೆಯನ್ನು ಸುತ್ತಿಸಿ ಕಟ್ಟಿದರು. ಕಿತ್ತಿಟ್ಟಿದ್ದ ಮಾವಿನೆಲೆ ಸಾಲದೆ, ಅವಸರಕ್ಕೆ ಒಂದು ಕಡೆ ಹೊಂಗೆ ಎಲೆ ಸಿಕ್ಕಿಸಿದರು. ಧನುಶ್ರೀ ಅತ್ತಿಗೆ ಮಗುವನ್ನು ತಂದು ಅತ್ತೆಯ ಮಡಿಲಲ್ಲಿ ಕೂರಿಸಿ, ಎಣ್ಣೆಯ ಬಾಟಲಿ ವಾಪಸ್ ಕೊಟ್ಟರು.

ಮಾರನೇ ದಿನ ಮಗು ಕಿವಿ ಚುಚ್ಚುವಾಗ ತೋಪೆಲ್ಲ ಕೇಳುವ ಹಾಗೆ ಅತ್ತಿತು, ಅತ್ತೆಯ ಎಣ್ಣೆ ಹಚ್ಚಿದ ಮೇಲೂ ಅತ್ತಿತು. ಸಂಜೆ ಸಣ್ಣ ಮಳೆ ಬಂತು, ಅಪ್ಪ ಕಿತ್ತಳೆ ಗುಡಾರದಲ್ಲಿ ಜಾಗ ಕೇಳಿಕೊಂಡು ಹೋದರು. ಕೊನೆಯ ದಿನ ಬೇರೆ ಹೆಣ್ಣುಮಕ್ಕಳಿಗೆ ಮಡಿಲು ತುಂಬಿ ಕಳಿಸಿದೆವು. ಅತ್ತೆಗೆ ಆಗಲೇ ತುಂಬಿ ಆಗಿತ್ತಲ್ಲ, ಯಾರೂ ಕರೆಯಲಿಲ್ಲ. ಅತ್ತೆ ತಮ್ಮ ಒಲೆಯಿಂದ ಒಂದು ಸೌಟು ಅನ್ನ ತಂದು ರಾಶಿಗೆ ಹಾಕಿದರು. ನನ್ನ ಪಕ್ಕದ ಎಲೆಗೆ ಬಂದು ಕೂತು, ಸಾರು ಬಡಿಸುತ್ತಿದ್ದ ಅಪ್ಪನಿಗೆ, "ಉಪ್ಪು ಸಾಲ್ದು ಕಣೋ. ಪ್ರತಿ ಸಲ ಚೆನ್ನಾಗಿತ್ತು ಅಂತ ಸುಳ್ಳು ಹೇಳ್ತಿದ್ಯಾ?" ಅಂದರು.

ದೊಡ್ಡಪ್ಪ ಗೊತ್ತಿದ್ದೇ ಉಂಡರೋ, ಟೀ ಇಲ್ಲದ ತಲೆನೋವಿನಲ್ಲಿ ಮರೆತು ಉಂಡರೋ ಎಂದು ಮನೆಯಲ್ಲಿ ಈಗಲೂ ಜಗಳ ನಡೆಯುತ್ತದೆ. ಅವರು ತೋರಣದ ಕಡೆ ನೋಡಿದ್ದನ್ನು ನಾನು ಹತ್ತಿರದಿಂದ ಕಂಡೆ. ಆದ್ದರಿಂದ ಬರೆದಿದ್ದೇನೆ.

ಮಂಜೇಶಣ್ಣ, ಪುಸ್ತಕದಲ್ಲಿ ಒಲೆಗಳ ಹೆಸರು ಹಾಕುವಾಗ ನಮ್ಮ ಅಪ್ಪನ ಹೆಸರಿನ ಕೆಳಗೆ ಮಾರಕ್ಕತ್ತೆಯ ಹೆಸರನ್ನು ಬೇರೆಯಾಗಿ ಹಾಕು. ಮೋರಿಯ ಮೂರು ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ತಂದಿದ್ದೇವೆ. ಇನ್ನೂ ಮಸಿ ಹತ್ತಿಕೊಂಡು ಕೊಟ್ಟಿಗೆಯ ಮುಂದೆ ಬಿದ್ದಿವೆ. ಈಗ ಹೋಗಿ ಅವನ್ನು ತೊಳೆದು, ಒಂದೊಂದಕ್ಕೂ ಸುಣ್ಣದ ಬೊಟ್ಟಿಟ್ಟು, ಹಿತ್ತಲಲ್ಲಿ ನಮ್ಮ ಕಲ್ಲುಗಳ ಪಕ್ಕದಲ್ಲಿ ಜೋಡಿಸುತ್ತೇನೆ. ಆಮೇಲೆ ಹಾಲು ಕರೆಯಲು ಹೋಗುತ್ತೇನೆ.