ಸೀಸ ಹಿಡಿದ ನೆಲದಲ್ಲಿ ಜವರಮ್ಮನ ದಂಟು

ಶಿವನಿಯ ಜವರಮ್ಮನಿಗೆ ತನ್ನ ಸೊಪ್ಪಿನ ಮೇಲೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಊರಾಚೆ ಎಂಟು ಗುಂಟೆ ಕೆಂಪು ನೆಲ. ಅದರಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್. ಅಜ್ಜಂಪುರದ ಸಂತೆಯಲ್ಲಿ ಅವಳು ಕಟ್ಟುಗಳ ಮೇಲೆ ನೀರು ಚಿಮುಕಿಸಿ ಕೂತಳೆಂದರೆ ಮಧ್ಯಾಹ್ನದೊಳಗೆ ಗೋಣಿತಾಟು ಕೊಡವಿ ಏಳುತ್ತಿದ್ದಳು.

ಅವಳ ತಂಗಿಯ ಮಗಳು ಸಂಘಮಿತ್ರಾ ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಸುತ್ತಲಿನ ತೋಟಗಳ ಮಣ್ಣು, ಸೊಪ್ಪು ಪರೀಕ್ಷೆಗೆ ಬೇಕೆಂದು ಅವಳು ಬಂದಾಗ ಜವರಮ್ಮ ತಾನೇ ಮಡಿಗಿಳಿದು, ಎಳೆಯ ದಂಟನ್ನು ಆರಿಸಿ ಕಿತ್ತುಕೊಟ್ಟಳು.

"ನಂದು ಮೊದಲ್ನೇ ನಂಬರ್ ಬರ್ದೇ ಇದ್ರೆ ಕೇಳು!"

ಮೊದಲನೇ ನಂಬರ್ ಬಂತು ನಿಜ, ಆದರೆ ಸೀಸದಲ್ಲಿ. ತೋಟದ ಪಕ್ಕದಲ್ಲಿ ಒಂದು ಕಾಲಕ್ಕೆ ಹಳೇ ಬ್ಯಾಟರಿ ಒಡೆಯುವ ಶೆಡ್ ಇತ್ತು. ನಡೆಸುತ್ತಿದ್ದವನು ಎಂದೋ ಬಾಗಿಲು ಹಾಕಿಕೊಂಡು ಹೋಗಿದ್ದ. ಅಲ್ಲಿ ಚೆಲ್ಲಿದ ಸೀಸ ಮಾತ್ರ ಮಣ್ಣಿನಲ್ಲೇ ಉಳಿದುಬಿಟ್ಟಿತ್ತು. ಮಣ್ಣಿಂದ ಬೇರಿಗೆ, ಬೇರಿಂದ ಎಲೆಗೆ ಏರುತ್ತಿತ್ತು.

"ಎಷ್ಟ್ ತೊಳೆದ್ರೂ ಹೋಗಲ್ವೇನೇ?"

"ಮೇಲಿನ ಧೂಳು ಹೋಗ್ತದೆ ದೊಡ್ಡವ್ವ. ಒಳಗೆ ಸೇರಿದ್ದು ಹೋಗಲ್ಲ."

ಮಾರನೆಯ ದಿನವೇ ಸಂತೆ. ಕಟ್ಟು ಕಟ್ಟಿ ಒದ್ದೆಬಟ್ಟೆ ಹೊದಿಸಿಟ್ಟಿದ್ದ ಸೊಪ್ಪನ್ನು ಜವರಮ್ಮ ಮುಟ್ಟಲಿಲ್ಲ. ಖಾಲಿ ಕೈಯಲ್ಲಿ ಬಸ್ಸು ಹತ್ತಿದಳು. ತನ್ನ ಜಾಗದಲ್ಲಿ ನಿಂತು, ಬಂದ ಗಿರಾಕಿಗಳಿಗೆಲ್ಲ ನಡೆದದ್ದನ್ನು ಹೇಳಿದಳು. ಊಟದ ಹೋಟೆಲ್ ನಡೆಸುವ ದುರ್ಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇಷ್ಟ್ ದಿನ ತಿಂದೋರ ಗತಿ ಏನು ಜವರಕ್ಕ?"

"ನಂಗೂ ಅದೇ ಭಯ ಕಣವ್ವ. ನಾನೂ ನಮ್ಮನೆಯೋರೂ ನಾಳೆ ರಕ್ತ ಪರೀಕ್ಷೆ ಮಾಡ್ಸಾಕೆ ಹೋಗ್ತೀವಿ, ನೀನೂ ಬಾ."

ದುರ್ಗಮ್ಮ ಗೊಣಗುತ್ತಲೇ ಅವರ ಜೊತೆ ಹೋದಳು. ಮೂವರ ರಕ್ತದಲ್ಲೂ ಹೆದರುವಂಥದ್ದೇನೂ ಇಲ್ಲವೆಂದು ಡಾಕ್ಟರು ಹೇಳಿದ ದಿನ, ಜವರಮ್ಮನಿಗೆ ವಾರದ ಮೇಲೆ ಮೊದಲ ಸಲ ಅನ್ನ ಸೇರಿತು.

ಸೀಸವನ್ನು ನೆಲದಿಂದ ತೆಗೆಯುವುದು ಸುಲಭವಲ್ಲ, ಆದರೆ ಬೇರಿಗೆ ಸಿಗದ ಹಾಗೆ ಕಟ್ಟಿಹಾಕಬಹುದು ಎಂದಳು ಸಂಘಮಿತ್ರಾ. ಹುಳಿ ಮಣ್ಣಿನಲ್ಲಿ ಸೀಸ ಸಡಿಲವಾಗಿ ಓಡಾಡುತ್ತದೆ. ಸುಣ್ಣ ಹಾಕಿ ಹುಳಿ ಇಳಿಸಿ, ಕಳಿತ ಗೊಬ್ಬರ, ಇದ್ದಿಲ ಪುಡಿ ಬೆರೆಸಿದರೆ ಅವಕ್ಕೆ ಅಂಟಿಕೊಂಡು ಕೂರುತ್ತದೆ. ತೋಟವನ್ನು ನಾಲ್ಕು ಪಟ್ಟಿ ಮಾಡಿದರು. ಒಂದಕ್ಕೆ ಬರೀ ಸುಣ್ಣ, ಒಂದಕ್ಕೆ ಗೊಬ್ಬರ ಮತ್ತು ಇದ್ದಿಲು, ಒಂದಕ್ಕೆ ಮೂರೂ. ನಾಲ್ಕನೆಯದಕ್ಕೆ ಏನೂ ಇಲ್ಲ, ಹೋಲಿಸಿ ನೋಡಲು.

ಇದ್ದಿಲಿನ ಕೆಲಸ ಗಂಡ ಗಿಡ್ಡಪ್ಪನದು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತನಾದ ಮೇಲೆ ಅವನಿಗೆ ಇಷ್ಟು ಹುರುಪು ಬಂದದ್ದು ಇದೇ ಮೊದಲು. ಕೊಬ್ಬರಿ ಮಂಡಿಗಳಿಂದ ತೆಂಗಿನ ಕರಟ ಹೊತ್ತು ತಂದು, ಡ್ರಮ್ಮಿನಲ್ಲಿ ಹೊಗೆಯಾಡಿಸಿ ಸುಟ್ಟ. ಮೊದಲ ದಿನ ಮುಚ್ಚಳ ತೆಗೆದವನ ಬಿಳಿ ಮೀಸೆ ಕಪ್ಪಗಾಗಿತ್ತು.

"ಹತ್ ವರ್ಷ ಚಿಕ್ಕೋರಾದ್ರಿ, ಹಂಗೇ ಬಿಡಿ" ಎಂದಳು ಜವರಮ್ಮ.

ದಂಟು ಎದ್ದಿತು. ಮೂರು ಪಟ್ಟಿಗಳು ಕಣ್ಣಿಗೆ ಹಬ್ಬ. ನಾಲ್ಕನೆಯದು ಸೊರಗಿ ಹಳದಿ ತಿರುಗಿತು. ಅದರ ಪಕ್ಕ ಹಾದು ಹೋಗುವಾಗಲೆಲ್ಲ ಜವರಮ್ಮನಿಗೆ ಎದುರಿಗೇ ಹಸಿದ ಮಗುವನ್ನು ಕೂರಿಸಿಕೊಂಡು ಉಳಿದವರಿಗೆ ಬಡಿಸಿದಂತೆ ಅನಿಸುತ್ತಿತ್ತು.

ಕೊಯ್ದು ಕಳಿಸಿದ ಸೊಪ್ಪಿನ ಫಲಿತಾಂಶ ಹಿಡಿದು ಸಂಘಮಿತ್ರಾ ಬಂದಳು. ಮುಖ ಸಪ್ಪಗಿತ್ತು.

"ಏನೂ ಹಾಕದ ಪಟ್ಟೀಲೂ ಸೀಸ ಕಮ್ಮಿ ಬಂದದೆ ದೊಡ್ಡವ್ವ. ಅಂದ್ರೆ ನಾವು ಹಾಕಿದ್ದೆಲ್ಲ ದಂಡ. ಮೆಷಿನ್ ಸರಿ ಇದೆ, ಎರಡ್ ಸಲ ನೋಡ್ದೆ. ಎಲ್ಲಿ ತಪ್ಪಿದೆ ಅಂತಾನೇ ತಿಳೀತಿಲ್ಲ."

ಜವರಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು. ಕೊನೆಗೆ ತಡೆಯಲಾಗಲಿಲ್ಲ.

"ಬೈಬ್ಯಾಡ ಕಣವ್ವ. ನಾನೇ ಗೊಬ್ಬರ ಹಾಕ್ಬಿಟ್ಟೆ."

"ಏನು?"

"ಎರಡ್ ಮಂಕರಿ. ಆಮೇಲೆ ಇನ್ನೊಂದೆರಡು. ಒಂಚೂರು ಸುಣ್ಣಾನೂವೆ. ನೋಡಕ್ಕಾಗ್ಲಿಲ್ಲ ಕಣೇ!"

"ಒಂದು ಬೆಳೆ ಪೂರ್ತಿ ಹೋಯ್ತಲ್ಲ ದೊಡ್ಡವ್ವ!" ಸಂಘಮಿತ್ರಾ ಕಾಗದ ಮಡಚಿ ಎದ್ದು ಅಂಗಳಕ್ಕೆ ಹೋದಳು. ಗಿಡ್ಡಪ್ಪ ಹೆಂಡತಿಯ ಮುಖ ನೋಡಿದ, ನೆಲ ನೋಡಿದ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ನಗು ಕೇಳಿಸಿತು. ಒಳಬಂದವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕದ್ದು ಹಾಕಿದ್ ಗೊಬ್ಬರಾನೂ ಕೆಲ್ಸ ಮಾಡಿದೆ, ನೋಡು! ಎದ್ದೇಳು, ಮೊದಲಿಂದ ಶುರು ಮಾಡಾಣ."

ಎರಡನೇ ಸಲ ಬೇರೆ ಜಾಗದಲ್ಲಿ ಏನೂ ಹಾಕದ ಹೊಸ ಪಟ್ಟಿ ಬಿಟ್ಟು, ಸುತ್ತಲೂ ಮುಳ್ಳು ಕಟ್ಟಿಸಿದವಳು ಜವರಮ್ಮನೇ. ತಾನೇ ಅತ್ತ ಸುಳಿಯದಂತೆ ಗಿಡ್ಡಪ್ಪನನ್ನು ಕಾವಲಿಗೂ ಹಾಕಿದಳು. ಈ ಬಾರಿ ಲೆಕ್ಕ ಕೂಡಿತು. ಬರೀ ನೆಲದ ದಂಟಿನಲ್ಲಿ ಸೀಸ ಮೊದಲಿನಷ್ಟೇ; ಸುಣ್ಣದ ಪಟ್ಟಿಯಲ್ಲೂ ಗೊಬ್ಬರ-ಇದ್ದಿಲಿನ ಪಟ್ಟಿಯಲ್ಲೂ ಇಳಿದಿತ್ತು; ಮೂರೂ ಬೆರೆಸಿದ ಪಟ್ಟಿಯಲ್ಲಿ ಸರ್ಕಾರ ಹಾಕಿದ ಮಿತಿಗಿಂತ ಕೆಳಗೆ. ಉಳಿದ ಸೊಪ್ಪುಗಳನ್ನೂ ಹಾಗೇ ಬೆಳೆದು ನೋಡಿದಾಗ ಪಾಲಕ್ ಮಾತ್ರ ಮಾತು ಕೇಳಲಿಲ್ಲ, ಅದರಲ್ಲಿ ಸೀಸ ಇಳಿಯಲಿಲ್ಲ; ಅದನ್ನು ಕೈಬಿಟ್ಟರು. ಶೆಡ್ಡಿನ ಗೋಡೆಗೆ ಅಂಟಿದ ಜಾಗಕ್ಕೆ ಚೆಂಡುಹೂ ಹಾಕಿದರು, ಅದನ್ನು ಯಾರೂ ತಿನ್ನುವುದಿಲ್ಲವಲ್ಲ. ಉಳಿದ ನೆಲಕ್ಕೆಲ್ಲ ಸುಣ್ಣ, ಗೊಬ್ಬರ, ಇದ್ದಿಲು ಬಿತ್ತು. ಪ್ರತಿ ವರ್ಷ ಮಣ್ಣು, ಸೊಪ್ಪು ಎರಡನ್ನೂ ಪರೀಕ್ಷೆ ಮಾಡಿಸಲೇಬೇಕೆಂದು ಸಂಘಮಿತ್ರಾ ಮಾತು ತೆಗೆದುಕೊಂಡಳು.

ಬಹಳ ದಿನಗಳ ಮೇಲೆ ಜವರಮ್ಮ ಸೊಪ್ಪಿನ ಮಂಕರಿಯೊಂದಿಗೆ ಅಜ್ಜಂಪುರದಲ್ಲಿ ಇಳಿದಳು. ಪ್ರಯೋಗಾಲಯದ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದುರಿಗೆ ನಿಲ್ಲಿಸಿದ್ದಳು. ದುರ್ಗಮ್ಮ ಅದನ್ನು ಓದುವ ಗೋಜಿಗೇ ಹೋಗಲಿಲ್ಲ. ಒಂದು ದಂಟು ಎತ್ತಿ, ಲಟಕ್ಕನೆ ಮುರಿದು ನೋಡಿದಳು.

"ಇಪ್ಪತ್ ಕಟ್ಟು ಎತ್ತಿಡು. ಇವತ್ತು ಹೋಟೆಲ್ಲಲ್ಲಿ ಮಸ್ಸೊಪ್ಪು."

"ಕಾಗ್ದ ಓದ್ದೇನೇ ತಗೊಂತೀಯಲ್ಲ?"

"ಸೊಪ್ಪು ಸರಿ ಇಲ್ಲ ಅಂತ ಸಂತೇಲಿ ನಿಂತ್ ಹೇಳ್ದೋಳು ನೀನು. ಸರಿ ಇದೆ ಅಂತ ನೀನ್ ಹೇಳಿದ್ ಮೇಲೆ ಕಾಗ್ದ ಯಾಕವ್ವ?"

ಜವರಮ್ಮ ಇಪ್ಪತ್ತು ಕಟ್ಟು ಎಣಿಸತೊಡಗಿದಳು. ಅಷ್ಟರಲ್ಲಿ ಇನ್ನಿಬ್ಬರು ಗಿರಾಕಿಗಳು ಬಗ್ಗಿ ಸಬ್ಬಸಿಗೆ ಕೇಳಿದರು.