ಖಾಲಿ ಮಗ್ಗದ ವಾಕ್ಯ

ಆ ವಾಕ್ಯ ನನ್ನ ನೋಟ್‌ಬುಕ್ಕಿನ ಎಡಪುಟದ ಕೆಳತುದಿಯಲ್ಲಿದೆ. ಅದರ ಮೇಲಿರುವುದೆಲ್ಲ ನೀಲಿ ಶಾಯಿ, ಅದೊಂದು ಮಾತ್ರ ಕಪ್ಪು. ನೀಲಿ ಶಾಯಿಯದನ್ನು ಇಚಲಕರಂಜಿಯಲ್ಲಿ, ಕಾಂಡಿ ಸುತ್ತುವ ಮುದುಕಿಯ ಎದುರು ಕೂತು ಬರೆದೆ. ಕಪ್ಪು ಪೆನ್ನು ನನ್ನ ಕೈಗೆ ಬಂದದ್ದು ಎಲ್ಲಿ? ಅಲ್ಲಿಯೇ? ಅಥವಾ ಗಡಹಿಂಗ್ಲಜಕ್ಕೆ ಮರಳುವ ಬಸ್ಸಿನಲ್ಲಿ? ಎಷ್ಟು ಯೋಚಿಸಿದರೂ ನನಗೆ ಪೆನ್ನು ಕಾಣುತ್ತದೆ, ಜಾಗ ಕಾಣುವುದಿಲ್ಲ.

ನಾನು ಗಡಿಯಾಚೆ ಮಹಾರಾಷ್ಟ್ರದ ಗಡಹಿಂಗ್ಲಜದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಮರಾಠಿ, ಹೊರಗಿನವರು ಬಂದರೆ ಇಂಗ್ಲಿಷ್. ಕೊಲ್ಹಾಪುರದ ಒಂದು ವಿಚಾರಸಂಕಿರಣಕ್ಕೆ ಫಿಲಿಪ್ಪೀನ್ಸಿನಿಂದ ಸಮಾಜಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರು ಬಂದಾಗ ಅವರ ಭಾಷಣವನ್ನು ಅನುವಾದಿಸುವ ಕೆಲಸ ನನಗೆ ಬಂದದ್ದು ಹೀಗೆ. ಅವರದು ಒಂದು ದ್ವೀಪದ ವಿಶ್ವವಿದ್ಯಾಲಯ. ಅಲ್ಲಿ ಎಲ್ಲ ವಿಭಾಗಗಳ ಅಧ್ಯಾಪಕರು ಸೇರಿ ಒಂದೇ ವಿಷಯದ ಮೇಲೆ ಪುಸ್ತಕ ಮಾಡುತ್ತಾರಂತೆ. ಸಸ್ಯಶಾಸ್ತ್ರದವರ ಲೇಖನದ ಪಕ್ಕ ಕವಿತೆ, ಗಣಿತದವರ ಲೆಕ್ಕದ ಪಕ್ಕ ಚಿತ್ರ. ಈ ಸಲದ ವಿಷಯ ದಾರ. ಇವರು ಸಂಪಾದಕಿ. ಅನಾನಸ್ ಎಲೆಯ ನಾರನ್ನು ತುದಿಗೆ ತುದಿ ಗಂಟು ಹಾಕಿ ಉದ್ದ ಎಳೆ ಮಾಡುವ ತಮ್ಮೂರಿನ ಹೆಂಗಸರ ಬಗ್ಗೆ ಬರೆಯುತ್ತಿದ್ದರು. ಕ್ಯಾಂಟೀನಿನಲ್ಲಿ ಖಾರದ ಕಾಳಿನ ಮಿಸಳ ತಿಂದು ಕಣ್ಣೀರು ಸುರಿಸುತ್ತಲೇ, ‘ನಿಮ್ಮ ಕಡೆ ಮಗ್ಗದ ಹಿಂದೆ ಕೂತ ಹೆಂಗಸರು ಯಾರು?’ ಎಂದು ಕೇಳಿದರು. ಮರುದಿನ ಅವರನ್ನು ಮಗ್ಗಗಳ ಊರಾದ ಇಚಲಕರಂಜಿಗೆ ಕರೆದೊಯ್ದೆ.

ಆ ಮುದುಕಿಯ ಮನೆತನ ವಿಜಯಪುರದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದದ್ದು. ತೀರಿಹೋದ ಗಂಡ ಮಗ್ಗ ನಡೆಸುತ್ತಿದ್ದವರು. ಈಕೆ ವಿದ್ಯುತ್ ಮಗ್ಗಗಳ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಲಾಳಿಗೆ ಬೇಕಾದ ಪುಟ್ಟ ನೂಲಿನ ಸುರುಳಿಗಳನ್ನು, ಅಂದರೆ ಕಾಂಡಿಗಳನ್ನು ಸುತ್ತುತ್ತಾರೆ. ಗೋಡೆಯಾಚೆ ಮಗ್ಗಗಳ ಸದ್ದು. ಅತಿಥಿಯ ರೆಕಾರ್ಡರಿನಲ್ಲಿ ಕೊನೆಗೆ ಉಳಿದದ್ದು ಬರೀ ಖಟಖಟ. ಹಾಗಾಗಿ ನನ್ನ ನೋಟ್‌ಬುಕ್ಕೇ ದಾಖಲೆಯಾಯಿತು.

ಕಪ್ಪು ಶಾಯಿಯ ವಾಕ್ಯ ಇದು: ‘ಹಳೆಯ ಎಳೆ ಮುಗಿಯುವ ಮೊದಲೇ ಹೊಸ ಎಳೆಯನ್ನು ಅದಕ್ಕೆ ಗಂಟು ಹಾಕುತ್ತಾರೆ, ನನ್ನ ಗಂಡ ಮಗ್ಗವನ್ನು ಒಮ್ಮೆಯೂ ಖಾಲಿ ಬಿಡಲಿಲ್ಲ, ಮೊದಲ ದಿನದ ಎಳೆಗೇ ಇವತ್ತಿನ ಎಳೆ ಕೂಡಿಕೊಂಡಿದೆ.’

ಕೆಲವು ತಿಂಗಳ ನಂತರ ಪುಸ್ತಕದ ಕರಡು ಬಂತು. ಸ್ಟಾಫ್‌ ರೂಮಿನಲ್ಲಿ ತೆರೆದು ನೋಡಿದೆ. ಆ ವಾಕ್ಯ ಅಲ್ಲಿ ಬೇರು ಬಿಟ್ಟಿತ್ತು. ಅವರ ಲೇಖನ ಅದರಿಂದಲೇ ಶುರು. ಗಣಿತದ ಅಧ್ಯಾಪಕರು ಎಂದೂ ಕಡಿಯದ ಎಳೆಯ ಉದ್ದವನ್ನು ಹೇಗೆ ಯೋಚಿಸಬೇಕು ಎಂದು ಬರೆದಿದ್ದರು. ಒಬ್ಬರು ಕವಿತೆ ಬರೆದಿದ್ದರು, ನೃತ್ಯದ ಅಧ್ಯಾಪಕಿ ಅದಕ್ಕೊಂದು ಕುಣಿತ ಕಟ್ಟಿದ್ದರು, ಮುಖಪುಟದಲ್ಲೂ ತುಂಬಿದ ಮಗ್ಗದ ಚಿತ್ರ. ಒಟ್ಟು ಎಂಟು ಜನರ ಕೆಲಸ ಆ ಒಂದು ವಾಕ್ಯದ ಮೇಲೆ ನಿಂತಿತ್ತು. ನೋಟ್‌ಬುಕ್ ತೆಗೆದೆ. ಶಾಯಿಯ ಬಣ್ಣ ಕಣ್ಣಿಗೆ ಬಿದ್ದದ್ದು ಆಗಲೇ.

ಇಚಲಕರಂಜಿಯಲ್ಲಿ ಮಗ್ಗ ನಡೆಸುವ ಸೋದರಮಾವನೊಬ್ಬ ನನಗಿದ್ದ. ಶಾಲೆಯ ಸೂಟಿಯಲ್ಲಿ ಹೋದಾಗ ಅವನು ಎಳೆಗೆ ಎಳೆ ಗಂಟು ಹಾಕುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಅವನ ತುಟಿ ಅಲುಗಾಡುತ್ತಿತ್ತು. ಆ ವಾಕ್ಯ ನನಗೆ ಅವನ ದನಿಯಲ್ಲಿ ಕೇಳಿಸುತ್ತದೆ. ಆದರೆ ಮಗ್ಗಗಳ ಆ ಸದ್ದಿನಲ್ಲಿ ಅವನು ಏನು ಹೇಳಿದರೂ ನನಗೆ ಕೇಳಿಸಿರಲು ಸಾಧ್ಯವಿಲ್ಲ. ಹಾಗಾದರೆ ಮುದುಕಿ ಹೇಳಿದ್ದೇ? ಅವನು ಹೇಳಿದ್ದೇ? ಅತಿಥಿ ಮೆಚ್ಚಲಿ ಎಂದು ನಾನೇ ಹೇಳಿದ್ದೇ?

ಕರಡಿನ ಜೊತೆಗೆ ಅತಿಥಿ ಒಂದು ಮಾತು ಬರೆದಿದ್ದರು. ಅವರಲ್ಲಿ ಪದ್ಧತಿ ಹೀಗೆ: ಹೇಳಿದವರ ಮಾತನ್ನು ಅಚ್ಚಿಗೆ ಮೊದಲು ಅವರದೇ ಭಾಷೆಯಲ್ಲಿ ಅವರ ಮುಂದೆ ಓದಬೇಕು. ‘ಇದು ನನ್ನದಲ್ಲ’ ಎಂದರೆ ತೆಗೆಯಬೇಕು. ಪುಸ್ತಕ ಮುಂದಿನ ವಾರ ಅಚ್ಚಿಗೆ. ‘ಓದುವುದು ನೀವೇ, ನಾನು ಫೋನಿನಲ್ಲಿ ನೋಡುತ್ತಿರುತ್ತೇನೆ.’

ಓದಬೇಕಾದವಳು ನಾನು. ಅತಿಥಿಗೆ ಕನ್ನಡ ಬಾರದು, ಮುದುಕಿಗೆ ಇಂಗ್ಲಿಷ್ ಬಾರದು. ಆ ಒಂದು ವಾಕ್ಯ ಬಿಟ್ಟು ಓದಿದರೆ ಯಾರಿಗೂ ತಿಳಿಯುವುದಿಲ್ಲ. ಇಚಲಕರಂಜಿಗೆ ಹೋಗುವ ಬಸ್ಸಿನಲ್ಲಿ ಇದನ್ನೇ ಅಭ್ಯಾಸ ಮಾಡಿದೆ. ಸಂಕೇಶ್ವರ, ನಿಪ್ಪಾಣಿ, ಕಾಗಲ್. ಬಸ್ಸು ಮಹಾರಾಷ್ಟ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಮಹಾರಾಷ್ಟ್ರಕ್ಕೆ ಬರುವಷ್ಟರಲ್ಲಿ ಹಿಂದಿನ ವಾಕ್ಯದಿಂದ ಮುಂದಿನದಕ್ಕೆ ಎಡವದೆ ಜಿಗಿಯುವುದು ಬಾಯಿಪಾಠವಾಗಿತ್ತು.

ಮಗ್ಗಗಳ ವಾರದ ರಜೆಯ ದಿನವನ್ನೇ ಆರಿಸಿಕೊಂಡಿದ್ದೆವು. ಓಣಿಯ ಮೌನ ಕಿವಿಗೆ ಚುಚ್ಚುತ್ತಿತ್ತು. ಮುದುಕಿಯ ಸೊಸೆ ಫೋನನ್ನು ಸ್ಟೀಲಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಪರದೆಯಲ್ಲಿ ಅತಿಥಿ ಎರಡೂ ಕೈ ಬೀಸಿದರು.

“ಅಯ್ಯ, ಪರದೇಶದ ಬಾಯಿ ಸೊರಗ್ಯಾಳಲ್ಲ! ಮಿಸಳ ತಿಂದ ಹೊಟ್ಟಿ ಇನ್ನೂ ಸುದಾರ್ಸಿಲ್ಲೇನ ಕೇಳ್ರಿ,” ಎಂದರು ಮುದುಕಿ.

“ಅತ್ತಿ, ಸುಮ್ಕುಂದರ್ರಿ. ಪರದೇಶದಾಗ ನಿಮ್ಮ ಹೆಸರ ಛಾಪಸಾಕತ್ತಾರ, ನಿಮಗ ಹೊಟ್ಟೀದ ಚಿಂತಿ.”

“ಛಾಪಸಲಿ. ನಿನ್ನ ಬಗ್ಗೆನೂ ಬರದಾರೇನ ನೋಡ, ಚಾದಾಗ ಸಕ್ಕರಿ ಹಾಕೂದಿಲ್ಲಂತ.”

ನಾನು ನಗಲಿಲ್ಲ. ಓದಲು ಶುರು ಮಾಡಿದೆ. ಮುದುಕಿ ಒಂದೊಂದು ಮಾತಿಗೂ ತಲೆದೂಗಿದರು. “ಹೌದ್ರಿ, ಬರೋಬರ್.” “ಹಾಂ, ಹಂಗ ಹೇಳೇನಿ.” ಅತಿಥಿ ತಮ್ಮ ಇಂಗ್ಲಿಷ್ ಪ್ರತಿಯ ಮೇಲೆ ಅಂದಾಜಿನಿಂದ ಬೆರಳು ಸರಿಸುತ್ತಿದ್ದರು. ಆ ಜಾಗ ಬಂತು. ಅಭ್ಯಾಸ ಮಾಡಿದಂತೆಯೇ ಜಿಗಿದೆ. ದನಿ ನಡುಗಲಿಲ್ಲ, ಇದು ಚೆನ್ನಾಗಿ ನೆನಪಿದೆ. ಕೊನೆಯವರೆಗೆ ಓದಿ ಹಾಳೆ ಮಡಿಸಿದೆ.

ಅತಿಥಿ ಮುಂದಕ್ಕೆ ಬಾಗಿದರು. “ಮಗ್ಗದ ವಾಕ್ಯಕ್ಕೆ ಅವರು ಏನೆಂದರು? ಆ ಮಾತು ಕೇಳುವಾಗ ಅವರ ಮುಖ ಹೇಗಿರುತ್ತದೆ ನೋಡಬೇಕೆಂದಿದ್ದೆ. ಎಲ್ಲಿ ಓದಿದಿರಿ ಅಂತಲೇ ತಿಳಿಯಲಿಲ್ಲ. ಇನ್ನೊಮ್ಮೆ ಓದುತ್ತೀರಾ? ನಾವೆಂಟೂ ಜನ ಅದಕ್ಕೇ ಕಾಯುತ್ತಿದ್ದೇವೆ.”

ಸಂಶಯದ ಲವಲೇಶವೂ ಇಲ್ಲದ ಮುಖ. ಬೇರೆ ಯಾವುದಾದರೂ ಸಾಲು ಓದಿ ಮುಗಿಸಬಹುದಿತ್ತು. ಆ ಮುಖದ ಎದುರು ಅದಾಗಲಿಲ್ಲ. ಹಾಳೆ ಬಿಚ್ಚಿ, ಮುದುಕಿಗೆ ತಿಳಿಯುವ ಹಾಗೆ ಅವರ ಮಾತಿನಲ್ಲೇ ಓದಿದೆ.

“ನಿಂದರ್ರಿ,” ಎಂದರು ಮುದುಕಿ. “ಯಾರ ಗಂಡ?”

“ನಿಮ್ಮವರು.”

“ನಮ್ಮಂವ ಒಮ್ಮಿನೂ ಮಗ್ಗ ಖಾಲಿ ಬಿಡಲಿಲ್ಲ ಅಂತ ನಾ ಹೇಳ್ಯೇನಿ?” ಅವರು ಸೊಸೆಯ ಕಡೆ ತಿರುಗಿದರು. “ಕೇಳಿದೇನ? ಅರಿವಿ ಜಾತಿ ಬದಲಾತಂದ್ರ ಹಳೇ ಎಳಿ ಎಲ್ಲಾ ಕಿತ್ತ ಒಗೀಬೇಕ. ಗಂಟ ಹಾಕ್ಕೋತ ಕುಂತ್ರ ಸೇಠ ಬಿಡ್ತಾನೇನ? ಇದನ್ನ ಮಗ್ಗದ ಮುಂದ ನಿಂದರಲಾರದವರು ಹೇಳ್ಯಾರ ನೋಡ್ರಿ.”

“ಕಾಲೇಜ ಬಾಯಾರ ಚಂದ ಮಾಡಿ ಬರದಾರ, ಬಿಡ್ರಿ ಅತ್ತಿ,” ಎಂದಳು ಸೊಸೆ.

“ಯಾಕ ಬಿಡ್ಲಿ?” ದನಿ ಏರಿತು. “ಮಗ್ಗ ಖಾಲಿ ಆದ ದಿನಾನ ಅಂವ ಹಗಲ ಮನೀಗೆ ಬರ್ತಿದ್ದ. ಹೊಸಾ ಎಳಿ ಸುತ್ತಿದ ಬೀಮ್ ಏರಸೂ ಮಟಾ ಕೆಲಸ ಇಲ್ಲ. ಬಾಗಲದಾಗ ಕುಂತ ಭಡಂಗ ತಿನ್ಕೋತ ನನ್ನ ಕಾಂಡಿ ನೋಡಿ ಆಡ್ಕೋತಿದ್ದ. ಉಳಿದ ದಿನಾ ಶೆಡ್ಡಿನ ಸಪ್ಪಳಕ್ಕ ಕಿವಿ ಮುಚ್ಚಿ, ಮನ್ಯಾಗೂ ಒದರೂದ. ಆ ದಿನ ಅಷ್ಟ ಸಣ್ಣ ದನೀಲೆ ಮಾತಾಡ್ತಿದ್ದ. ಖಾಲಿ ಮಗ್ಗದ ದಿನಾನ ನನ್ನ ದಿನಾರಿ. ಆ ದಿನಾನ ಇಲ್ಲ ಅಂದಂಗ ಆತಲ್ಲ ಇದು. ಹೋದ ಸಲ ನಿಮ್ಮ ಮುಂದ ಇದನ್ನ ಹೇಳೇನಲ್ಲ, ಭಡಂಗಿಂದು? ಬರಕೊಳ್ಳಲಿಲ್ಲೇನ?”

ನನ್ನ ನೋಟ್‌ಬುಕ್ಕಿನಲ್ಲಿ ಭಡಂಗ ಇಲ್ಲ. ಹಗಲು ಮನೆಗೆ ಬಂದ ಗಂಡನೂ ಇಲ್ಲ. ಅವರು ಅಂದು ಹೇಳಿದ್ದರೇ? ಹೇಳಿದ್ದರು ಎಂದೇ ಈಗ ನಂಬುತ್ತೇನೆ. ನಂಬಿಕೆ ಬೇರೆ, ನೆನಪು ಬೇರೆ.

“ಏನಂತೆ?” ಅತಿಥಿ ಮುಗುಳ್ನಗುತ್ತಲೇ ಕೇಳಿದರು. ಮುದುಕಿಯ ದನಿ ಏರಿದ್ದನ್ನು ಉತ್ಸಾಹ ಎಂದುಕೊಂಡಿರಬೇಕು.

ಈಗಲೂ ಹೇಳದೇ ಇರಬಹುದಿತ್ತು. ಹೇಳಿದೆ. ಮುದುಕಿ ಅಂದದ್ದನ್ನೆಲ್ಲ, ಭಡಂಗ ಎಂದರೆ ಖಾರ ಹಚ್ಚಿದ ಚುರುಮುರಿ ಎಂಬುದನ್ನೂ ಸೇರಿಸಿ. ಮೊದಲು ಆ ವಾಕ್ಯ ಬಿಟ್ಟು ಓದಿದ್ದನ್ನೂ ಹೇಳಿದೆ. ಪರದೆಯಲ್ಲಿ ಅತಿಥಿಯ ಬೆರಳು ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದು ಸೊಸೆ ಫೋನು ಮುಟ್ಟಿ ನೋಡಿದಳು. ಹೋಗಿರಲಿಲ್ಲ.

“ಹಾಗಾದರೆ ಯಾರು ಹೇಳಿದ್ದು?”

“ನನ್ನ ಸೋದರಮಾವ ಇರಬಹುದು. ನಾನೂ ಇರಬಹುದು.”

ಅವರು ನೇರ ಕೂತರು. ತಮ್ಮ ಪ್ರತಿಯಿಂದ ಆ ವಾಕ್ಯವನ್ನು ನಿಧಾನವಾಗಿ, ಮುದುಕಿಗೆ ನಾನು ಓದಿದ ಹಾಗೆಯೇ, ನನಗೆ ಓದಿ ಹೇಳಿದರು. ಆಮೇಲೆ ಪದ್ಧತಿಯ ಪ್ರಶ್ನೆ: “ಇದು ನಿಮ್ಮದೇ?”

ಹೌದೆಂದರೆ ನನ್ನ ಹೆಸರಿನಲ್ಲಿ ವಾಕ್ಯ ಉಳಿಯುತ್ತಿತ್ತು. ಎಂಟು ಜನರ ಕೆಲಸವೂ ಉಳಿಯುತ್ತಿತ್ತು. ಸೊಸೆ, ಮುದುಕಿ ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

“ನನ್ನದು ಅಂತ ಹೇಳಲಾರೆ,” ಎಂದೆ.

ಅವರು ಪೆನ್ನು ತೆಗೆದು ಗೆರೆ ಎಳೆದರು. ಕಾಗದದ ಮೇಲೆ ಪೆನ್ನು ಹರಿದ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. “ಅಚ್ಚಿನವರಿಗೆ ಈ ವಾಕ್ಯ ಬೇಡ ಎಂದು ಹೇಳುತ್ತೇನೆ. ಗಣಿತದವರಿಗೆ ಹೇಳುವುದು ಮಾತ್ರ ಕಷ್ಟ,” ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅವರು ಈಗ ಹೇಳಿದ್ದನ್ನು ಬರೆದುಕೊಳ್ಳಿ. ಬರೆದು ಅವರಿಗೆ ಓದಿ. ನಾನು ಇಲ್ಲೇ ಇರುತ್ತೇನೆ.”

ಬರೆಯುವ ಮೊದಲು ಕೈಯಲ್ಲಿದ್ದ ಪೆನ್ನಿನ ಬಣ್ಣ ನೋಡಿಕೊಂಡೆ. ಮುದುಕಿ ಹೇಳುತ್ತಾ ಹೋದರು, ನಾನು ಬರೆದೆ, ಓದಿದೆ.

“‘ಮೆತ್ತಗ ಮಾತಾಡ್ತಿದ್ದ’ ಅಂತ ಯಾಕ ಓದಿದ್ರಿ?” ಎಂದು ತಡೆದರು. “ನಾ ಹಂಗ ಅಂದಿಲ್ಲ. ಸಣ್ಣ ದನೀಲೆ. ಮೆತ್ತಗ ಅಂವಗ ಯಾವತ್ತೂ ಬರ್ತಿರಲಿಲ್ಲ.”

ಹೊಡೆದು ಹಾಕಿ ತಿದ್ದಿದೆ.

“ಹಾಂ. ಈಗ ಮದಲಿಂದ ಓದ್ರಿ.”